ಎಂಬತ್ತನಾಲ್ಕು ಮಂಗಳವಾರಗಳಿಗೆ ವಂದನೆ

ಪ್ರಿಯರೇ, ಕರ್ತನ ನಾಮದಲ್ಲಿ ವಂದನೆಗಳು.

ಕಳೆದ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಂಬಯಿಯ ನಮ್ಮ ಕನ್ನಡ ಸಭೆಯ ಸಭಾಪಾಲಕರು, 16ನೇ ಶತಮಾನದಲ್ಲಿ ಜಿನೀವಾದಲ್ಲಿದ್ದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನನು ಕ್ರೈಸ್ತ ನಂಬಿಕೆಯನ್ನು ವಿವರಿಸಿ ಬರೆದ ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥದ ಕೊನೆಯ ಅಧ್ಯಾಯ ಓದಿ ಮುಗಿಸಿದರು. ನಾಲ್ಕು ಪುಸ್ತಕ, 80 ಅಧ್ಯಾಯ, ಎರಡು ವರ್ಷ. ಓದಿದ್ದು ಅವರೇ ಆದರೂ ಆ ಹೊತ್ತನ್ನು ಬಿಡಿಸಿಕೊಟ್ಟವರು ಹಲವರು. ‘ನಮ್ಮ ಹೆಸರು ಹಾಕಬೇಡಿ’ ಎಂದವರೇ ಹೆಚ್ಚಾದ್ದರಿಂದ ಓದಿನ ಕೂಟದ ಪರವಾಗಿ ಅವರವರ ಕೆಲಸವನ್ನಷ್ಟೇ ಹೇಳುತ್ತೇವೆ. ಪುಣೆ, ಗೋವಾ ಕಡೆಯ ಕನ್ನಡ ಸಭೆಗಳವರು ‘ಇದನ್ನು ಹೇಗೆ ನಡೆಸಿದಿರಿ’ ಎಂದು ಕೇಳುತ್ತಿದ್ದಾರೆ. ಹಾಗಾಗಿ ಲೆಕ್ಕವನ್ನೂ ಬಿಡಿಸಿಟ್ಟಿದ್ದೇವೆ.

ಮೊದಲ ವಂದನೆ ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟ್ರೇಟ್ ಕಮಿಟಿಗೆ. ಮಂಗಳವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಅಯ್ಯನವರ (ಸಭಾಪಾಲಕರನ್ನು ನಾವು ಕರೆಯುವುದು ಹಾಗೆ) ಫೋನು ಕಾರ್ಯದರ್ಶಿಯ ಕೈಯಲ್ಲಿರಬೇಕು, ಸಾವು ಮತ್ತು ಐಸಿಯು ಬಿಟ್ಟು ಬೇರೆ ಯಾವುದಕ್ಕೂ ಎಬ್ಬಿಸಬಾರದು ಎಂದು ಮಿನಿಟ್ಸ್ ಪುಸ್ತಕದಲ್ಲೇ ಬರೆದಿಟ್ಟರು. ಬಾಯಿಮಾತಿನ ಒಪ್ಪಂದ ಇಂಥದ್ದಕ್ಕೆ ಸಾಲದು. ಮೂರನೇ ವಾರಕ್ಕೇ ‘ಐದೇ ನಿಮಿಷ, ಅಯ್ಯನವರೇ, ಲೆಟರ್‌ಗೆ ಒಂದು ಸೈನ್’ ಎಂದು ಯಾರೋ ಬಂದುಬಿಡುತ್ತಾರೆ, ಆ ಐದು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ. ಸೋಮವಾರವನ್ನು ಇದಕ್ಕೆ ಎಳೆದುಕೊಳ್ಳಲಿಲ್ಲ, ಅದು ಮನೆಯವರ ದಿನ. ಭಾನುವಾರ ಎರಡು ಕಡೆ ಪ್ರಸಂಗ ಮಾಡಿ ಕಲ್ಯಾಣದಿಂದ ಸ್ಲೋ ಗಾಡಿಯಲ್ಲಿ ಒಂದೂವರೆ ಗಂಟೆ ನಿಂತುಕೊಂಡು ಬಂದವರಿಗೆ ಮರುದಿನ ಬೆಳಿಗ್ಗೆ ಕ್ಯಾಲ್ವಿನನನ್ನು ಕೊಡುವುದು ಇಬ್ಬರಿಗೂ ಅನ್ಯಾಯ.

ಮಂಗಳವಾರದ ಆಸ್ಪತ್ರೆ ಭೇಟಿಯನ್ನು ಸ್ತ್ರೀಯರ ಅನ್ಯೋನ್ಯ ಕೂಟ ವಹಿಸಿಕೊಂಡಿತು. ಇಬ್ಬಿಬ್ಬರಾಗಿ ಹೋಗಿ, ವಾರ್ಡು, ಹಾಸಿಗೆ ನಂಬರು, ರೋಗಿ ಏನು ಕೇಳಿದರು ಎಂಬ ಮೂರು ಸಂಗತಿ ಬರೆದುಕೊಂಡು, ಹನ್ನೆರಡು ಹೊಡೆದ ಮೇಲೆ ಅಯ್ಯನವರಿಗೆ ತಿಳಿಸುತ್ತಿದ್ದರು. ಸಂಜೆ ಅವರು ಹೋಗುವ ಹೊತ್ತಿಗೆ ಯಾರ ಬಳಿ ಮೊದಲು ಹೋಗಬೇಕು ಎಂಬುದು ಗೊತ್ತಿರುತ್ತಿತ್ತು. ಇದು ಓದಿಗೆ ಮಾಡಿದ ಸಹಾಯ ಮಾತ್ರವಲ್ಲ. ಭೇಟಿಯ ಕೆಲಸವೇ ಮೊದಲಿಗಿಂತ ಅಚ್ಚುಕಟ್ಟಾಯಿತು.

ಇನ್ನು ಲೆಕ್ಕ. ವರ್ಷದ 52 ವಾರಗಳಲ್ಲಿ ಹತ್ತನ್ನು ಮೊದಲೇ ಬಿಟ್ಟೆವು. ಮೇ ತಿಂಗಳ ನಾಲ್ಕು (ಅರ್ಧ ಸಭೆ ಊರಿಗೆ ಹೋಗಿರುತ್ತದೆ, ಮದುವೆಗಳೂ ಆಗಲೇ), ಡಿಸೆಂಬರಿನ ನಾಲ್ಕು, ಈಸ್ಟರಿಗೆ ಮುಂಚಿನ ಎರಡು. ಉಳಿದದ್ದು 42, ಎರಡು ವರ್ಷಕ್ಕೆ 84. ವಾರಕ್ಕೊಂದು ಅಧ್ಯಾಯವಾದರೆ 80 ಸಾಕು, ಮಿಕ್ಕ ನಾಲ್ಕು ವಾರ ಉದ್ದನೆಯ ಅಧ್ಯಾಯಗಳಿಗೆ. ಎಲ್ಲ ಅಧ್ಯಾಯವೂ ಒಂದೇ ಅಳತೆಯದಲ್ಲ ಎಂಬುದನ್ನು ಮರೆತವರು ಇಲ್ಲೇ ಎಡವುತ್ತಾರೆ. ಎರಡನೇ ಪುಸ್ತಕದ 8ನೇ ಅಧ್ಯಾಯ, ಹತ್ತು ಆಜ್ಞೆಗಳದ್ದು, 59 ಕಂಡಿಕೆ. ಅದನ್ನು 34ಕ್ಕೆ ಮುರಿದರೆ ತಂದೆತಾಯಿಯರನ್ನು ಸನ್ಮಾನಿಸುವ ಐದನೇ ಆಜ್ಞೆಯಿಂದ ಮುಂದಿನ ವಾರ ಶುರುಮಾಡಬಹುದು. ಮೂರನೇ ಪುಸ್ತಕದ 20, ಪ್ರಾರ್ಥನೆಯದ್ದು, 52 ಕಂಡಿಕೆ. ಕರ್ತನ ಪ್ರಾರ್ಥನೆಯ ವಿವರಣೆ 34ರಿಂದ ಆರಂಭವಾಗುವುದರಿಂದ ಅದೇ ಸಹಜವಾದ ತಂಗುದಾಣ. ನಾಲ್ಕನೇ ಪುಸ್ತಕದ 16 (ಶಿಶುಗಳ ದೀಕ್ಷಾಸ್ನಾನ) ಮತ್ತು 17 (ಕರ್ತನ ಭೋಜನ) ಇವಕ್ಕೂ ಎರಡೆರಡು ವಾರ. ಟಿಪ್ಪಣಿಯಲ್ಲಿ ಪುಟಸಂಖ್ಯೆ ಬರೆಯಬಾರದು. ಪುಸ್ತಕ, ಅಧ್ಯಾಯ, ಕಂಡಿಕೆ ಎಂದು 3.20.34 ಹೀಗೆ ಬರೆದರೆ ಯಾವ ಮುದ್ರಣ ಕೈಗೆ ಸಿಕ್ಕರೂ ಜಾಗ ಸಿಗುತ್ತದೆ.

ಇದೇ ಗ್ರಂಥ ಯಾಕೆ ಎಂದು ಕೇಳಿದವರಿದ್ದಾರೆ. ಇದರ ಮೊದಲ ರೂಪ, ಬರೀ ಆರು ಅಧ್ಯಾಯದ್ದು, 1536ರಲ್ಲಿ ಅಚ್ಚಾದದ್ದು ಬಾಸೆಲ್ ಪಟ್ಟಣದಲ್ಲಿ. ನಮ್ಮಲ್ಲಿ ಅನೇಕರ ಹಿರಿಯರಿಗೆ ಸತ್ಯವೇದವನ್ನೂ ಅಕ್ಷರವನ್ನೂ ಕೊಟ್ಟ, 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನ ಊರೂ ಅದೇ. ಆದರೆ ಅಭಿಮಾನ ಒಂದೇ ಕಾರಣವಲ್ಲ. 1559ರ ಕೊನೆಯ ಆವೃತ್ತಿಯ ಮುನ್ನುಡಿಯಲ್ಲಿ ಗ್ರಂಥಕರ್ತನೇ ಇದನ್ನು ಸತ್ಯವೇದ ಓದುವವರಿಗೆ ದಾರಿ ಮಾಡಿಕೊಡಲು ಬರೆದೆನೆನ್ನುತ್ತಾನೆ. ಸಭಾಪಾಲಕರ ಕಪಾಟಿಗೆ ಉಡುಗೊರೆಯಾಗಿ ಬಂದು ಬೀಳುವ ತೆಳ್ಳನೆಯ ಪುಸ್ತಕಗಳು, ಸಭೆ ಬೆಳೆಸುವ ಏಳು ಸೂತ್ರ, ನಾಯಕತ್ವದ ಹತ್ತು ಗುಟ್ಟು, ಇವು ಒಂದನ್ನು ಓದಿದರೆ ಇಪ್ಪತ್ತನ್ನು ಓದಿದ ಹಾಗೆ. ಒಬ್ಬ ದೊಡ್ಡ ಲೇಖಕನ ಜೊತೆ ಎರಡು ವರ್ಷ ಕೂತು ಜಗಳವಾಡಿದರೆ ಬರುವ ಗಟ್ಟಿತನ ಅವುಗಳಿಂದ ಬರುವುದಿಲ್ಲ. ಇದು ನಮ್ಮ ಅಭಿಪ್ರಾಯ, ಬೇರೆಯವರಿಗೆ ಬೇರೆ ಇರಬಹುದು.

ಬೈಂಡಿಂಗ್ ಕೆಲಸ ಮಾಡುವ ಅಣ್ಣನಿಗೆ ದೊಡ್ಡ ಸಲಾಮು. 1960ರ ಬ್ಯಾಟಲ್ಸ್ ಅನುವಾದ ಟಿಪ್ಪಣಿಗಳಿಗೆ ಒಳ್ಳೆಯದು, ಆದರೆ ಎರಡು ದಪ್ಪ ಸಂಪುಟ. ಲೋಕಲ್ ಗಾಡಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಅದು ಎಂದರೆ ಆಗದ ಮಾತು. 1845ರ ಬೆವರಿಜ್ ಅನುವಾದಕ್ಕೆ ಹಕ್ಕಿನ ತಕರಾರಿಲ್ಲವಾದ್ದರಿಂದ ಅದನ್ನು ಎ4 ಹಾಳೆಯ ಮೇಲೆ ಅಚ್ಚು ಹಾಕಿಸಿ, ನಡುವೆ ಮಡಚಿ, ನಾಲ್ಕು ಪುಸ್ತಕ ನಾಲ್ಕು ಸಂಪುಟವಾಗಿ ಕಟ್ಟಿಸಿದೆವು. ಬುಕ್‌ಲೆಟ್ ಸೆಟ್ಟಿಂಗಿನಲ್ಲಿ ಅಚ್ಚು ಹಾಕುವಾಗ ಒಂದು ಸಂಪುಟವನ್ನು ಇಡಿಯಾಗಿ ಕೊಡಬಾರದು. ಕೊಟ್ಟರೆ ಮೊದಲ ಪುಟವೂ ಕೊನೆಯ ಪುಟವೂ ಒಂದೇ ಹಾಳೆಗೆ ಬರುತ್ತವೆ, ಆ ಕಟ್ಟನ್ನು ಯಾವ ದಾರವೂ ಹಿಡಿಯದು. ನಾಲ್ಕು ಹಾಳೆಗೆ ಒಂದು ಜುಜ್, ಅಂದರೆ 16 ಪುಟ, ಹಾಗೆ ಒಡೆದು ಕೊಡಬೇಕು. ಬೆನ್ನಿಗೆ ಬಿಸಿ ಗೋಂದು ಬಳಿದು ಕೊಡುವ ಅಗ್ಗದ ಬೈಂಡಿಂಗ್ ಎರಡು ಮಳೆಗಾಲಕ್ಕೆ ಬಾಯಿಬಿಡುತ್ತದೆ. ದಾರ ಹಾಕಿ ಹೊಲಿಯುವ ಜುಜ್‌ಬಂದಿಯೇ ಬೇಕು. ರಟ್ಟಿಗೆ ಹಚ್ಚುವ ಮೈದಾ ಅಂಟಿಗೆ ಅಣ್ಣ ಮೋರ್ಚೂದ್ ಹಾಕುತ್ತಾರೆ, ನಮ್ಮ ಮಾತಿನಲ್ಲಿ ಮೈಲುತುತ್ತ. ಇಲ್ಲವಾದರೆ ಜುಲೈಯೊಳಗೆ ಜಿರಲೆ ಮತ್ತು ಬೆಳ್ಳಿಹುಳ ಅಂಟಿನ ರುಚಿಗೆ ಬರುತ್ತವೆ. ಅದು ವಿಷ. ಆದ್ದರಿಂದ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಡಿ. (ಈ ಮಾತು ಯಾರಿಗೆಂದು ಅಯ್ಯನವರಿಗೆ ಗೊತ್ತಿದೆ.)

ಈ ಎರಡು ವರ್ಷದಲ್ಲಿ ಅತಿ ಹೆಚ್ಚು ಬೆಲೆಬಾಳುವ ವಸ್ತು ಯಾವುದೆಂದರೆ ಇನ್ನೂರು ಪುಟದ ಒಂದು ಲಾಂಗ್‌ಬುಕ್. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ ಅದನ್ನು ಇಟ್ಟುಕೊಂಡು ಬಂದರು. ಪುಟಕ್ಕೆ ನಾಲ್ಕು ಗೆರೆ ಎಳೆದು ನಾಲ್ಕು ಕಾಲಂ: ಇಂಗ್ಲಿಷ್ ಪದ, ಸತ್ಯವೇದದಲ್ಲಿರುವ ಕನ್ನಡ ಪದ, ಬೆಂಚಿನಲ್ಲಿ ಕೂತವರಿಗೆ ಅದು ಕೇಳಿಸುವ ಅರ್ಥ, ಪ್ರಸಂಗದಲ್ಲಿ ಹೇಳಬಹುದಾದ ಒಂದು ವಾಕ್ಯ. ಮೂರನೇ ಕಾಲಮ್ಮೇ ಅದರ ಜೀವ. ‘ನೀತಿವಂತ’ ಎಂದರೆ ನಮ್ಮ ಮನೆಗಳಲ್ಲಿ ಕುಡಿಯದ, ಸುಳ್ಳು ಹೇಳದ ಮನುಷ್ಯ. ‘ನಂಬಿಕೆಯಿಂದ ನೀತಿವಂತನಾಗುವುದು’ ಎಂದು ಪ್ರಸಂಗದಲ್ಲಿ ಹೇಳಿದರೆ ‘ನಂಬಿದರೆ ಚಟ ಬಿಟ್ಟುಹೋಗುತ್ತದೆ’ ಎಂದು ಕೇಳಿಸುತ್ತದೆ. 3.11ರಲ್ಲಿ ಕ್ಯಾಲ್ವಿನ್ ಹೇಳುತ್ತಿರುವುದು ಕೋರ್ಟಿನ ಮಾತು. ದೇವರ ನ್ಯಾಯಾಸನದ ಮುಂದೆ ನಿಂತವನ ಪರವಾಗಿ ತೀರ್ಪು ಬಂತು, ಅವನ ಒಳ್ಳೆಯತನಕ್ಕಲ್ಲ, ಕ್ರಿಸ್ತನ ನಿಮಿತ್ತ. ಆದ್ದರಿಂದ ನಾಲ್ಕನೇ ಕಾಲಮ್ಮಿನಲ್ಲಿ ಟೀಚರಮ್ಮ ಬರೆದದ್ದು: ‘ಸತ್ಯವೇದದಲ್ಲಿರುವುದು ನೀತಿವಂತರೆಂಬ ನಿರ್ಣಯ. ಆ ನಿರ್ಣಯ ಎಂಬ ಪದ ನುಂಗಬೇಡಿ, ಒತ್ತಿ ಹೇಳಿ.’

‘ಪಾಪ’ದ ಪಾಡು ಇನ್ನೂ ಸೊಗಸು. ಮಗು ಎಡವಿ ಬಿದ್ದರೆ ‘ಅಯ್ಯೋ ಪಾಪ’, ಗಾಡಿ ತಪ್ಪಿದವನಿಗೂ ‘ಪಾಪ’. ಕನ್ನಡದ ಕಿವಿಗೆ ಪಾಪ ಎಂದರೆ ಅರ್ಧ ಕನಿಕರ. ಎರಡನೇ ಪುಸ್ತಕದ ಮೊದಲ ಅಧ್ಯಾಯಗಳನ್ನು ಆ ಕಿವಿಯಿಂದ ಕೇಳಿದರೆ ಮನುಷ್ಯ ದೇವರಿಗೆ ಎದುರುಬಿದ್ದ ಸಂಗತಿಯೇ ಕರಗಿಹೋಗುತ್ತದೆ. ‘ಸಭೆ’ ಇನ್ನೊಂದು. ಮುಂಬಯಿಯ ಕನ್ನಡ ಸಂಘಗಳಲ್ಲಿ ಸಭೆ ಎಂದರೆ ಅಧ್ಯಕ್ಷರು, ವಂದನಾರ್ಪಣೆ, ಚಹಾ. 4.1.4ರಲ್ಲಿ ಸಭೆಯನ್ನು ಹೆತ್ತು ಸಾಕುವ ತಾಯಿ ಎಂದು ಕರೆದಿರುವುದನ್ನು ಓದಿದ ಮೇಲೆ ‘ಸಭೆ ಮುಗಿಯಿತು’ ಎಂದು ಭಾನುವಾರ ಹೇಳುವುದನ್ನು ಅಯ್ಯನವರು ಬಿಟ್ಟು ‘ಆರಾಧನೆ ಮುಗಿಯಿತು’ ಎನ್ನತೊಡಗಿದರು. ತ್ರಿಯೇಕತ್ವದ ಅಧ್ಯಾಯದಲ್ಲಂತೂ ‘ಮೂರು ವ್ಯಕ್ತಿಗಳು’ ಎಂದ ಕೂಡಲೇ ಮೂವರು ಮನುಷ್ಯರು ಸಾಲಾಗಿ ಬಂದು ನಿಲ್ಲುತ್ತಾರೆ. ಎಲ್ಲರೂ ನಂಬಿಕೆಯಲ್ಲಿ ಒಂದಾಗುವುದಾದರೆ ಈ ಪಾರಿಭಾಷಿಕ ಪದಗಳನ್ನು ಹೂತುಬಿಟ್ಟರೂ ಆದೀತು ಎಂಬ ಧಾಟಿಯಲ್ಲಿ 1.13.5ರಲ್ಲಿ ಕ್ಯಾಲ್ವಿನನೇ ಹೇಳುತ್ತಾನೆ. ಅದನ್ನು ನೆಚ್ಚಿಕೊಂಡು, ಎಣಿಕೆ ಬಿಟ್ಟು ತಂದೆ, ಮಗ, ಪವಿತ್ರಾತ್ಮ ಎಂದು ಹೆಸರು ಹಿಡಿದೇ ಹೇಳುವುದೆಂದು ತೀರ್ಮಾನವಾಯಿತು.

ಟೀಚರಮ್ಮನ ಮೇಜಿನ ಮೇಲೆ ಕಿಟೆಲ್ಲರ 1894ರ ನಿಘಂಟಿನ ಮರುಮುದ್ರಣವಿರುತ್ತದೆ. ಇನ್ನೊಬ್ಬರ ನೆನಪನ್ನೂ ಅವರು ಆಗಾಗ ತೆಗೆಯುತ್ತಿದ್ದರು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಶನ್ ಕಟ್ಟಿ, ಹಳ್ಳಿಯ ಹೆಂಗಸರಿಗೂ ತಿಳಿಯಬೇಕೆಂದು ಹೀಬ್ರೂ ಗ್ರೀಕ್ ಮೂಲದಿಂದ ಇಡೀ ಸತ್ಯವೇದವನ್ನು ಮರಾಠಿಗೆ ತಂದ ಪಂಡಿತಾ ರಮಾಬಾಯಿ. ಪದ ಸಿಕ್ಕದೆ ಬೇಸರವಾದ ದಿನ ‘ಆಯಮ್ಮ ಒಬ್ಬರೇ ಮಾಡಿದರು, ನಾವು ಹತ್ತು ಜನ ಇದ್ದೇವೆ’ ಎನ್ನುವುದು ಟೀಚರಮ್ಮನ ರೂಢಿ.

ಎರಡನೇ ಶನಿವಾರದ ಓದಿನ ಕೂಟಕ್ಕೆ ತಪ್ಪದೆ ಬಂದ ಹತ್ತು ಮಂದಿಗೂ ವಂದನೆ. ಅಯ್ಯನವರು ಒಬ್ಬರೇ ಓದಿದ್ದು ತಲೆಯಲ್ಲೇ ಹುಳಿಯಾಗುತ್ತದೆ, ಎದುರು ಕೂತು ‘ಇದು ನಮಗೆ ಯಾಕೆ’ ಎನ್ನುವವರು ಬೇಕು. ದೀಕ್ಷಾಸ್ನಾನದ ಅಧ್ಯಾಯದಲ್ಲಿ ಮಾತು ಬಿಸಿಯಾಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರು ಶಿಶುವಾಗಿದ್ದಾಗ ನೀರು ಕಂಡವರು, ಇನ್ನೊಬ್ಬರು ಬೇರೆ ಸಭೆಗೆ ಹೋಗಿ ದೊಡ್ಡವರಾದ ಮೇಲೆ ಮುಳುಗಿ ಎದ್ದವರು. ಅಧ್ಯಾಯ ಎಲ್ಲರನ್ನೂ ಒಪ್ಪಿಸಲಿಲ್ಲ, ವಾದಕ್ಕೆ ಒಂದು ಚೌಕಟ್ಟು ಕೊಟ್ಟಿತು. 1553ರಲ್ಲಿ ಕ್ಯಾಲ್ವಿನನಿದ್ದ ಜಿನೀವಾದಲ್ಲೇ, ತ್ರಿಯೇಕತ್ವವನ್ನೂ ಶಿಶುಗಳ ದೀಕ್ಷಾಸ್ನಾನವನ್ನೂ ಅಲ್ಲಗಳೆದ ಸರ್ವೆಟಸ್‌ನನ್ನು ಸುಟ್ಟದ್ದನ್ನೂ ಮುಚ್ಚಿಡದೆ ಓದಿದೆವು. ಅದನ್ನು ಹಾರಿಸಿ ಓದಿದರೆ ಯುವಕರು ಮೊಬೈಲಿನಲ್ಲಿ ತಾವೇ ಹುಡುಕಿ ತಂದು ಮುಂದಿಡುತ್ತಾರೆ, ಆಗ ಉಳಿದದ್ದರ ಮೇಲೂ ನಂಬಿಕೆ ಹೋಗುತ್ತದೆ. ಕರ್ತನ ಭೋಜನದ ಅಧ್ಯಾಯದಲ್ಲಿ, ಅಷ್ಟೆಲ್ಲ ವಾದ ಮಾಡಿದ ಮನುಷ್ಯ 4.17.32ರಲ್ಲಿ ಇದು ತನಗೆ ತಿಳಿಯುವುದಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬರುತ್ತದೆ ಎಂದು ಒಪ್ಪಿಕೊಳ್ಳುವಲ್ಲಿ ಕೂಟ ಸ್ವಲ್ಪ ಹೊತ್ತು ಸುಮ್ಮನಿತ್ತು. ಅದೇ ಅಧ್ಯಾಯದ 43ರಲ್ಲಿ ವಾರಕ್ಕೊಮ್ಮೆಯಾದರೂ ಭೋಜನವಿರಲಿ ಎನ್ನುತ್ತಾನೆ. ತಿಂಗಳಿಗೊಮ್ಮೆಯ ನಮ್ಮ ಪದ್ಧತಿಯ ಬಗ್ಗೆ ಕಮಿಟಿ ಇನ್ನೂ ಮಾತಾಡುತ್ತಿದೆ, ಅವಸರವಿಲ್ಲ.

ಪ್ರಸಂಗಕ್ಕೆ ಒಂದು ಕಟ್ಟುಪಾಡಿತ್ತು. ಮಂಗಳವಾರ ಓದಿದ್ದು ಆ ಭಾನುವಾರದ ಪ್ರಸಂಗಕ್ಕೆ ಬರಕೂಡದು. ನಾಲ್ಕು ವಾರ ನೆನೆಯಬೇಕು. ಹಸಿ ಓದನ್ನು ಬಡಿಸಿದರೆ ಪ್ರಸಂಗ ಉಪನ್ಯಾಸವಾಗಿ, ಹಿಂದಿನ ಬೆಂಚು ಗಡಿಯಾರ ನೋಡತೊಡಗುತ್ತದೆ. ಉದ್ಧರಣೆ ಪ್ರಸಂಗಕ್ಕೆ ಒಂದೇ, ಅದೂ ಮೂಲದಲ್ಲಿ ಕಂಡದ್ದಾಗಿರಬೇಕು. ಇಲ್ಲಿ ಯುವಜನ ಸಂಘದವರ ಕೆಲಸ ದೊಡ್ಡದು. ನಾಳೆ ಲೋಕ ಮುಗಿಯುವುದಾದರೂ ಇಂದು ಸೇಬಿನ ಗಿಡ ನೆಡುತ್ತೇನೆ ಎಂಬ ಮಾತು ಲೂಥರನ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಸುತ್ತುತ್ತದಲ್ಲ, ಅದು ಅವನ ಬರಹಗಳಲ್ಲಿಲ್ಲ, ಬೆಳಕಿಗೆ ಬಂದದ್ದೇ 1944ರಲ್ಲಿ. ಮುಖ್ಯವಾದದ್ದರಲ್ಲಿ ಐಕ್ಯ, ಉಳಿದದ್ದರಲ್ಲಿ ಸ್ವಾತಂತ್ರ್ಯ ಎಂಬುದು ಅಗಸ್ಟೀನನದ್ದಲ್ಲ, 17ನೇ ಶತಮಾನದ್ದು. ಇಂಥವನ್ನು ಪ್ರಸಂಗಕ್ಕೆ ಮುಂಚೆಯೇ ಹಿಡಿದುಕೊಟ್ಟ ಹುಡುಗ ಹುಡುಗಿಯರಿಗೆ ಶಹಬ್ಬಾಸ್.

ಜಿನೀವಾ ಒಂದನ್ನೇ ಓದಿದರೆ ದಾದರಿನ ಪ್ಲಾಟ್‌ಫಾರ್ಮ್ ಅರ್ಥವಾಗದು ಎಂದು ಮೊದಲ ದಿನವೇ ಹೇಳಿ, ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ, ಬೇರೆ ಧರ್ಮದವರೊಂದಿಗಿನ ಸಂವಾದದ ಬಗ್ಗೆ ಬರೆದ ದೇವಶಾಸ್ತ್ರಜ್ಞ ಸ್ಟ್ಯಾನ್ಲಿ ಸಮರ್ಥರ ಪುಸ್ತಕಗಳನ್ನು ತಂದುಕೊಟ್ಟ ಹಿರಿಯರಿಗೂ ವಂದನೆ. ಪಕ್ಕದ ಮನೆಯವರು ಗಣಪತಿ ಕೂರಿಸುವ ಚಾಳಿನಲ್ಲಿ ಕ್ರಿಸ್ತನ ಬಗ್ಗೆ ಹೇಗೆ ಮಾತಾಡಬೇಕು ಎಂಬ ಪ್ರಶ್ನೆ 16ನೇ ಶತಮಾನದ ಗ್ರಂಥಕ್ಕೆ ಬಂದದ್ದೇ ಇಲ್ಲ. ಸಮರ್ಥರಿಗೆ ಅದೇ ಬದುಕಿನ ಪ್ರಶ್ನೆಯಾಗಿತ್ತು.

ಅಯ್ಯನವರ ಮನೆಯ ಅಮ್ಮನವರು ತಮಗೆ ವಂದನೆ ಬೇಡವೆಂದಿದ್ದಾರೆ. ಆದರೂ ಒಂದು ಮಾತು: ಯಾವ ಪ್ರಸಂಗ ಪುಸ್ತಕದಿಂದ ಬಂತು, ಯಾವುದು ಪುಸ್ತಕ ಮುಚ್ಚಿಟ್ಟ ಮೇಲೆ ಬಂತು ಎಂದು ಊಟದ ಹೊತ್ತಿಗೆ ಕರಾರುವಾಕ್ಕಾಗಿ ಹೇಳಬಲ್ಲವರು ಅವರೊಬ್ಬರೇ.

ಜೂನ್ ಮೊದಲ ಮಂಗಳವಾರದಿಂದ, ಪ್ರಾಚೀನ ಸಭೆಯ ಹೆಸರಾಂತ ಪ್ರಸಂಗಿ ಕ್ರಿಸೊಸ್ತೊಮನು ಯಾಜಕತ್ವದ ಬಗ್ಗೆ ಬರೆದ ಆರು ಭಾಗಗಳನ್ನು ಅಯ್ಯನವರು ಕೈಗೆತ್ತಿಕೊಳ್ಳುತ್ತಾರೆ. ಚಿಕ್ಕದು, ಮಳೆಗಾಲದೊಳಗೆ ಮುಗಿಯುತ್ತದೆ. ಲಾಂಗ್‌ಬುಕ್ಕಿನ ಜೆರಾಕ್ಸ್ ಬೇಕಾದ ಸಭೆಗಳವರು ಕಾರ್ಯದರ್ಶಿಯವರಿಗೆ ಹೇಳಿದರೆ ಸಾಕು, ಕಾಗದದ ಖರ್ಚಷ್ಟೇ. ನಾಲ್ಕು ಸಂಪುಟಗಳಲ್ಲಿ ಮೂರು ಕಪಾಟಿನಲ್ಲಿವೆ. ಮೂರನೆಯದು, ಪ್ರಾರ್ಥನೆಯ ಅಧ್ಯಾಯ ಇರುವಂಥದ್ದು, ಈಸ್ಟರಿನಿಂದ ಕಾಣುತ್ತಿಲ್ಲ. ಯಾರ ಮನೆಯಲ್ಲಿದ್ದರೂ ಓದಿ ಮುಗಿಸಿಯೇ ತನ್ನಿ, ದಂಡವಿಲ್ಲ.