ಓದುವ ಗೆಳೆಯರಿಗೆ ಒಂದು ಮಾತು

ನಮ್ಮ ಗುಂಪಿನ ಎಲ್ಲರಿಗೂ ನಮಸ್ಕಾರ. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಯುನೆಸ್ಕೋ 1995ರಲ್ಲಿ ಗೊತ್ತುಮಾಡಿದ್ದು. ಆ ದಿನ ಶುಭಾಶಯದ ಚಿತ್ರ ಹಾಕೋದು ಬೇಡ, ದಯವಿಟ್ಟು. ಬದಲಿಗೆ ಈಗ ಓದುತ್ತಿರುವ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಕಥೆ ಪೂರ್ತಿ ಹೇಳಬೇಡಿ. ಎಲ್ಲಿ ಓದು ನಿಲ್ಲಿಸಿ ತಲೆ ಎತ್ತಿದಿರಿ, ಯಾವ ಸಾಲಿಗೆ ಪೆನ್ಸಿಲ್ ಗೀಟು ಎಳೆದಿರಿ, ಯಾವ ಪಾತ್ರದ ಮೇಲೆ ಸಿಟ್ಟು ಬಂತು, ಅಷ್ಟು ಸಾಕು. ಇನ್ನೊಬ್ಬರ ತಲೆಯೊಳಗೆ ಕೂತು ಲೋಕ ನೋಡೋ ಅವಕಾಶ ಪುಸ್ತಕ ಕೊಟ್ಟಷ್ಟು ಬೇರೇನೂ ಕೊಡಲ್ಲ, ನನ್ನ ಮಟ್ಟಿಗಂತೂ.

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಬರೆಯಬಹುದು. ಸುಮ್ನೆ ಕಷ್ಟಪಟ್ಟು ಮುಗಿಸೋಕೆ ಇದೇನು ಪರೀಕ್ಷೆ ಅಲ್ಲ, ಅಲ್ವಾ? ಆಡಿಯೋ ಪುಸ್ತಕ, ಬ್ರೈಲ್, ಎಲ್ಲವೂ ಓದೇ.

ಇನ್ನೊಂದು ವಿಷಯ. ಹಕ್ಕುಸ್ವಾಮ್ಯ ಇರುವ ಪುಸ್ತಕಗಳ ಪಿಡಿಎಫ್ ಇಲ್ಲಿ ಹಂಚಬೇಡಿ. ಬರೆದವರಿಗೆ ರಾಯಲ್ಟಿ ಸಿಗೋದು ಪುಸ್ತಕ ಮಾರಾಟವಾದರೆ ತಾನೆ? ಉಚಿತವಾಗಿ ಬೇಕಿದ್ದರೆ 1971ರಲ್ಲಿ ಶುರುವಾದ ಆನ್‌ಲೈನ್ ಪುಸ್ತಕ ಸಂಗ್ರಹ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಕ್ಕಿನ ಅವಧಿ ಮುಗಿದ ಸಾವಿರಾರು ಪುಸ್ತಕಗಳಿವೆ. ಇಂಗ್ಲಿಷ್‌ನವೇ ಜಾಸ್ತಿ. ಲೈಬ್ರರಿಯಂತೂ ಇದ್ದೇ ಇದೆ.

ತಮ್ಮ ಪುಸ್ತಕವನ್ನು ಗುಂಪಿನವರಿಗೆ ಎರವಲು ಕೊಡುವವರು ಪುಸ್ತಕದ ಹೆಸರಿನ ಜೊತೆ ವಾಪಸ್ ಬೇಕಾದ ದಿನವನ್ನೂ ಹಾಕಿ.