ಡ್ವೈಟ್ ಡೇವಿಸ್ ಅವರಿಗೂ ಒಂದು ನಮಸ್ಕಾರ

ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಟೆನಿಸ್ ರಾಕೆಟ್ ಹಿಡಿಯುವ ಭರವಸೆ ನನಗೇ ಇರಲಿಲ್ಲ. ಕಳೆದ ವಾರ ಅಮೆರಿಕದ ಸೇಂಟ್ ಲೂಯಿಸ್‌ನ ಫಾರೆಸ್ಟ್ ಪಾರ್ಕಿನಲ್ಲಿ ಡಬಲ್ಸ್‌ನ ಒಂದು ಪೂರ್ಣ ಸೆಟ್ ಆಡಿ ಮುಗಿಸಿದೆ. ಬೇಸರಿಸದೆ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಸ್ಟರಿಗೆ, ಸರದಿಯಂತೆ ಊಟದ ಡಬ್ಬಿ ತಲುಪಿಸಿದ ಇಲ್ಲಿನ ಕನ್ನಡದ ಗೆಳೆಯರಿಗೆ, ನಾನು ಓಡಬೇಕಾಗದಂತೆ ಕೈಗೆಟುಕುವಷ್ಟು ದೂರಕ್ಕೇ ಚೆಂಡು ಹೊಡೆದು ಅದು ಆಕಸ್ಮಿಕವೆಂಬಂತೆ ಮುಖ ಮಾಡಿದ ಜೊತೆಯಾಟಗಾರರಿಗೆ ನಾನು ಋಣಿ.

ಈ ಸಾಲಿಗೆ ಸೇರಬೇಕಾದ ಇನ್ನೊಬ್ಬರು 1945ರಲ್ಲೇ ತೀರಿಕೊಂಡವರು. ಇಲ್ಲಿನ ಟೆನಿಸ್ ಕೇಂದ್ರಕ್ಕೆ ಯಾರ ಹೆಸರಿದೆಯೋ ಆ ಡ್ವೈಟ್ ಡೇವಿಸ್ ಅವರ ಬಗ್ಗೆ ಹಾಸಿಗೆ ಹಿಡಿದ ದಿನಗಳಲ್ಲಿ ಓದಿಕೊಂಡೆ. ಇದೇ ಊರಿನ ಸಿರಿವಂತ ಜವಳಿ ವ್ಯಾಪಾರಿಗಳ ಮನೆತನದಲ್ಲಿ 1879ರಲ್ಲಿ ಹುಟ್ಟಿದ ಅವರು, ಹಾರ್ವರ್ಡ್‌ನಲ್ಲಿ ಓದುತ್ತಿರುವಾಗಲೇ ಎಡಗೈ ಆಟಗಾರರಾಗಿ ಹೆಸರು ಮಾಡಿ, ಹೋಲ್ಕಂಬ್ ವಾರ್ಡ್ ಜೊತೆಗೂಡಿ 1899ರಿಂದ 1901ರವರೆಗೆ ಸತತವಾಗಿ ಅಮೆರಿಕದ ಡಬಲ್ಸ್ ಪ್ರಶಸ್ತಿ ಗೆದ್ದರು. 1900ರಲ್ಲಿ ದೇಶದೇಶಗಳ ನಡುವಿನ ಸ್ಪರ್ಧೆಗೆಂದು ಸ್ವಂತ ಹಣದಿಂದ ಬೆಳ್ಳಿಯ ಬಟ್ಟಲು ಮಾಡಿಸಿಕೊಟ್ಟು, ಬಾಸ್ಟನ್ನಿನ ಲಾಂಗ್‌ವುಡ್ ಕ್ಲಬ್ಬಿನಲ್ಲಿ ಬ್ರಿಟನ್ ವಿರುದ್ಧ ತಾವೇ ನಾಯಕರಾಗಿ ಆಡಿದರು. ನೆಲಕ್ಕೆ ಬಿದ್ದೊಡನೆ ದಿಕ್ಕು ಬದಲಿಸಿ ಪುಟಿಯುತ್ತಿದ್ದ ಅಮೆರಿಕನ್ನರ ಸರ್ವ್ ಬ್ರಿಟಿಷರಿಗೆ ಬಗ್ಗಲಿಲ್ಲ. ಹುಲ್ಲು ಉದ್ದವಾಗಿತ್ತು, ನೆಟ್ ಜೋತುಬಿದ್ದಿತ್ತು, ಚೆಂಡು ಮೆತ್ತಗಿತ್ತು ಎಂಬ ಅವರ ಗೊಣಗಾಟದಲ್ಲಿ ಸ್ವಲ್ಪ ನಿಜವೂ ಇದ್ದಿರಬೇಕು. ಕೊಟ್ಟವರೇ ಮೊದಲು ಗೆದ್ದುಕೊಂಡ ಆ ಬಟ್ಟಲೇ ಡೇವಿಸ್ ಕಪ್. ನಮ್ಮ ಕೊಡಗಿನ ರೋಹನ್ ಬೋಪಣ್ಣ 2023ರವರೆಗೂ ಭಾರತದ ಪರವಾಗಿ ಆಡಿದ್ದು ಅದಕ್ಕಾಗಿಯೇ.

ಆದರೆ ನನ್ನ ಋಣವಿರುವುದು ಆ ಬಟ್ಟಲಿಗಲ್ಲ. ಟೆನಿಸ್ ಎಂದರೆ ಕ್ಲಬ್ಬಿನ ಸದಸ್ಯರ ಆಟವಾಗಿದ್ದ, ಹಣ ಪಡೆಯದೆ ಹವ್ಯಾಸಿಯಾಗಿ ಊರೂರು ಸುತ್ತಿ ಆಡಲು ಮನೆಯಲ್ಲಿ ಹಣವಿರಬೇಕಾಗಿದ್ದ ಕಾಲವದು. ಅಂಥ ಆಟದಲ್ಲಿ ಬೆಳೆದವರು 1911ರಲ್ಲಿ ನಗರದ ಉದ್ಯಾನಗಳ ಆಯುಕ್ತರಾದಾಗ, ಉದ್ಯಾನವಿರುವುದು ದೂರದಿಂದ ನೋಡಿ ಹೋಗುವುದಕ್ಕಲ್ಲ, ಜನ ಒಳಗೆ ಬಂದು ಆಡುವುದಕ್ಕೆ ಎಂದು ಭಾವಿಸಿ, ಸಾರ್ವಜನಿಕ ಟೆನಿಸ್ ಅಂಗಣಗಳನ್ನು ಕಟ್ಟಿಸಿದರು. ಮುಂದೆ ಅವರು ಅಮೆರಿಕದ ಯುದ್ಧ ಖಾತೆಯನ್ನು ನಿರ್ವಹಿಸಿದರು, ಫಿಲಿಪೀನ್ಸಿನ ಗವರ್ನರ್ ಜನರಲ್ ಸಹ ಆದರು. ನನ್ನ ಮಟ್ಟಿಗೆ ಆ ಹುದ್ದೆಗಳಿಗಿಂತ ಊರಿನ ಈ ಆಯುಕ್ತಗಿರಿಯೇ ದೊಡ್ಡದು. ಕ್ಲಬ್ಬಿನ ಸದಸ್ಯತ್ವ ಕೊಳ್ಳಲಾರದೆಯೂ ಆಡಲು ಸಾಧ್ಯವಾಗಿರುವ ನನ್ನಂಥವರ ಪರವಾಗಿ ಅವರಿಗೂ, ಆ ಅಂಗಣಗಳನ್ನು ಇಂದಿಗೂ ಒಪ್ಪವಾಗಿ ಇಟ್ಟುಕೊಂಡಿರುವ ಉದ್ಯಾನದ ಸಿಬ್ಬಂದಿಗೂ ಮನಃಪೂರ್ವಕ ನಮಸ್ಕಾರಗಳು.