ದುರ್ಬೀನಿನಲ್ಲಿ ಬೆಟ್ಟ ನೋಡಿದ ಜನರಲ್

ವರ್ಶಾತ್ಸ್, ಸೆರ್ಬಿಯಾ

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು.

ನಾನಿಲ್ಲಿ ಆರಾಮ. ಎರಡು ದಿನದಿಂದ ಕೋಶಾವ ಗಾಳಿ ಬೀಸುತ್ತಿದೆ, ರಾತ್ರಿಯೆಲ್ಲ ಕಿಟಕಿ ಗಡಗಡ. ಹೊರಗೆ ಹೋಗೋಕಾಗದೆ ಮನೆಯಲ್ಲೇ ಕೂತು ಈ ಊರಿನವನೊಬ್ಬನ ಕತೆ ಓದಿದೆ. ಓದುತ್ತಾ ಓದುತ್ತಾ ನಿಮ್ಮ ನೆನಪು ಬಂತು. ಯಾಕೆ ಅಂತ ಹೇಳುತ್ತೇನೆ.

ಆತನ ಹೆಸರು ಗೆಯೋರ್ಗಿಯೆ ಎಮಾನುಯೆಲ್. 1775ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಸೆರ್ಬ್. ಆಗ ಇದು ಆಸ್ಟ್ರಿಯಾ ಚಕ್ರವರ್ತಿಯ ನೆಲ. ಹುಡುಗನಾಗಿದ್ದಾಗಲೇ ತುರ್ಕರ ವಿರುದ್ಧ ಕಾದಿದ. 1797ರಲ್ಲಿ ಊರು, ದೇಶ ಎರಡೂ ಬಿಟ್ಟು ರಷ್ಯಾದ ಸೈನ್ಯ ಸೇರಿದ. ಆಗ 22 ವರ್ಷ. ನಾನು ಇಲ್ಲಿಗೆ ಹೊರಟಾಗಲೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? 1812ರಲ್ಲಿ ನೆಪೋಲಿಯನ್ ಮಾಸ್ಕೋ ಕಡೆ ನುಗ್ಗಿದಾಗ ಬೊರೊಡಿನೋ ಹತ್ತಿರ ಎದೆಗೆ ಗಾಯವಾಯಿತು. ಮರುವರ್ಷ ಲೀಪ್‌ಜಿಗ್‌ನಲ್ಲಿ ಫ್ರೆಂಚ್ ಜನರಲ್ ಲೊರಿಸ್ಟನ್‌ನನ್ನು ಸೆರೆ ಹಿಡಿದ. ಮುಂದೆ ರಷ್ಯಾದ ದಕ್ಷಿಣಕ್ಕಿರುವ ಕಾಕಸಸ್ ಬೆಟ್ಟಸಾಲಿನ ಗಡಿ ಸೇನೆಗೆಲ್ಲ ಆತನೇ ಮುಖ್ಯಸ್ಥ.

ಯುದ್ಧದ ವಿಷಯ ಸಾಕು. ನಿಮಗೆ ಹೇಳಬೇಕಾದದ್ದು 1829ರ ಜುಲೈ.

ಅದೇ ಕಾಕಸಸ್‌ನ ಎಲ್ಬ್ರುಸ್ ಬೆಟ್ಟಕ್ಕೆ ಆತ ಒಂದು ತಂಡ ಕಟ್ಟಿಕೊಂಡು ಹೋದ. ಸಾವಿರದ ಹತ್ತಿರ ಸೈನಿಕರು, 2 ಫಿರಂಗಿ, ಜೊತೆಗೆ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ವಿಜ್ಞಾನಿಗಳು. ಅವರಲ್ಲಿ ಒಬ್ಬರು ಯಾರು ಗೊತ್ತಾ? ಎಮಿಲ್ ಲೆನ್ಜ್! ನಿಮ್ಮ ಲೆನ್ಜ್ ನಿಯಮದ ಲೆನ್ಜ್, ಅಯಸ್ಕಾಂತ ಚಲಿಸಿದಾಗ ಲೋಹದಲ್ಲಿ ಹುಟ್ಟುವ ವಿದ್ಯುತ್ ಆ ಚಲನೆಯನ್ನೇ ತಡೆಯುತ್ತದೆ ಅಂತ ಹೇಳಿದವನು. ಆಗಿನ್ನೂ 25 ವರ್ಷ, ನಿಯಮ ಅಚ್ಚಾದದ್ದು 1834ರಲ್ಲಿ. ನೀವು ತಾಮ್ರದ ಕೊಳವೆಯೊಳಗೆ ಅಯಸ್ಕಾಂತ ಬಿಟ್ಟಾಗ ಅದು ಯಾರೋ ಹಿಡಿದುಕೊಂಡ ಹಾಗೆ ನಿಧಾನ ಇಳಿಯುತ್ತಿತ್ತಲ್ಲ, ನಾನು ಕೊಳವೆಯ ಕೆಳಗೆ ಅಂಗೈ ಒಡ್ಡಿ ಕಾಯುತ್ತಿದ್ದೆ. ಆ ಲೆನ್ಜ್ ಹಿಮದಲ್ಲಿ ಒದ್ದಾಡಿಕೊಂಡು ಹತ್ತಿದ್ದನ್ನು ಓದಿ ಮೈ ಜುಂ ಎಂದಿತು.

ಬಿಸಿಲೇರಿ ಹಿಮ ಮೆತ್ತಗಾಯಿತು, ಕಾಲು ಹೂತುಹೋಗತೊಡಗಿತು. ಉಳಿದ ವಿಜ್ಞಾನಿಗಳು ಮೊದಲೇ ನಿಂತರು. ಲೆನ್ಜ್ ಇನ್ನೂ ಮೇಲೆ ಹೋದರೂ ತುದಿ ಮುಟ್ಟಲಿಲ್ಲ. ಪೂರ್ವದ ಶಿಖರ, ಅಂದರೆ 5,621 ಮೀಟರ್ ಏರಿದ್ದು ದಾರಿ ತೋರಿಸಲು ಬಂದಿದ್ದ ಅಲ್ಲಿನವನೇ ಕಿಲಾರ್ ಖಾಚಿರೋವ್. ಜನರಲ್ ಕೆಳಗೆ ಮಾಲ್ಕಾ ಕಣಿವೆಯ ಬಿಡಾರದಲ್ಲಿ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದ. ತುದಿಯಲ್ಲಿ ಒಬ್ಬನೇ ಒಬ್ಬ ಕಂಡದ್ದೇ ತಡ, ಡೋಲು ಬಾರಿಸಿ, ಕೋವಿ ಹಾರಿಸಿ ಸಂಭ್ರಮಿಸಿದರು. ಬಹುಮಾನವೂ ಕಿಲಾರ್‌ಗೇ ಸಿಕ್ಕಿತು.

ಆದರೆ ಅಪ್ಪ, ಅದರ ಹಿಂದಿನ ವರ್ಷವೇ ಇದೇ ಜನರಲ್ ಆ ಬೆಟ್ಟದ ಬುಡದ ಕರಾಚಾಯ್ ಜನರ ಮೇಲೆ ದಂಡೆತ್ತಿ ಹೋಗಿ, ಒಂದೇ ದಿನದ ಕಾಳಗದಲ್ಲಿ ಅವರನ್ನು ರಷ್ಯಾಕ್ಕೆ ತಲೆಬಾಗಿಸಿದ್ದ. ಇದು ಮನಸ್ಸಿಗೆ ಕಷ್ಟವಾಯಿತು. ಆತ ಕೆಟ್ಟವನು ಎಂದು ಸುಮ್ನೆ ತಳ್ಳಿಹಾಕಲೂ ಆಗುತ್ತಿಲ್ಲ. ವಿಜ್ಞಾನಿಗಳನ್ನು ಕರೆದೊಯ್ದದ್ದೂ ಆತನೇ. ಆ ಕಣಿವೆಯ ಬಯಲಿಗೆ ಈಗಲೂ ಎಮಾನುಯೆಲ್ ಹೆಸರೇ ಇದೆ. ನನಗಂತೂ ಕಿಲಾರ್‌ನ ಹೆಸರೇ ಜಾಸ್ತಿ ಕಾಡುತ್ತಿದೆ. ಎಮಾನುಯೆಲ್ 1837ರಲ್ಲಿ ಇಲ್ಲಿಂದ ಬಹುದೂರದ, ಈಗ ಉಕ್ರೇನಿನಲ್ಲಿರುವ ಯೆಲಿಸವೆತ್‌ಗ್ರಾದ್‌ನಲ್ಲಿ ತೀರಿಕೊಂಡ.

ಆ ತಾಮ್ರದ ಕೊಳವೆ ಇನ್ನೂ ಅಟ್ಟದ ಮೇಲಿದೆಯಾ? ಪುಟ್ಟನಿಗೆ ತೋರಿಸುವಾಗ ಲೆನ್ಜ್ ಜೊತೆ ಕಿಲಾರ್ ಕತೆಯನ್ನೂ ಹೇಳಿ. ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಒಡೆಯದೆ ಬಂತು.

ನಿಮ್ಮ ಮಗಳು